ಹುರುಪಿನ ಕುದುರೆ, ನೂರು ಮೈಲಿಯ ದಾರಿ

ನಳೋಪಾಖ್ಯಾನವನ್ನು ಓದಿದವರಿಗೆ ಬಾಹುಕನೆಂಬ ಸಾರಥಿಯಾಗಿ ಮರೆಯಲ್ಲಿದ್ದ ನಳನು ಕುದುರೆಗಳನ್ನು ಆರಿಸಿದ ಸಂದರ್ಭ ನೆನಪಿರಬಹುದು. ಅವನ ಮಡದಿ ದಮಯಂತಿಯ ಎರಡನೆಯ ಸ್ವಯಂವರದ ವಾರ್ತೆ ಅಯೋಧ್ಯೆಯನ್ನು ಮುಟ್ಟಿದೆ. ವಿದರ್ಭದ ರಾಜಧಾನಿ ನೂರು ಯೋಜನಗಳ ದೂರದಲ್ಲಿದೆ. ಅಲ್ಲಿಗೆ ಸೇರಬೇಕಾದುದು ಒಂದೇ ದಿನದಲ್ಲಿ. ವಿರೂಪನಾದ ಆ ಸಾರಥಿಯು ಲಾಯವನ್ನೆಲ್ಲ ಸಾವಧಾನವಾಗಿ ಪರೀಕ್ಷಿಸಿ, ನೋಡುವವರ ಕಣ್ಣಿಗೆ ಬಡಕಲಾಗಿ ಕಾಣುವ, ಆದರೆ ತೇಜಸ್ಸೂ ಬಲವೂ ಕುಲಶೀಲಗಳೂ ಕೂಡಿದ್ದ ಕುದುರೆಗಳನ್ನು ಹಿಡಿದು ತರಲು, ಅಯೋಧ್ಯೆಯ ಋತುಪರ್ಣರಾಜನು ಸಿಟ್ಟಾಗಿ, ಈ ಕೃಶಪ್ರಾಣಿಗಳು ಅಷ್ಟು ದೂರ ನಮ್ಮನ್ನು ಹೇಗೆ ಒಯ್ದಾವು ಎಂದು ಕೇಳುತ್ತಾನೆ. ಕಥೆಯ ನೂರು ಯೋಜನಗಳನ್ನು ಕವಿಯ ಕಲ್ಪನೆಗೆ ಬಿಟ್ಟುಕೊಟ್ಟರೂ, ರಾಜನ ಆ ಪ್ರಶ್ನೆ ಮಾತ್ರ ಹಳತಾಗಿಲ್ಲ. ಬಹುದೂರದ ದಾರಿಯನ್ನು ಒಂದೇ ದಿನದಲ್ಲಿ ಕ್ರಮಿಸಬಲ್ಲ ಕುದುರೆ ಯಾವುದು? ಅದನ್ನು ದಾರಿಯ ಕೊನೆಯವರೆಗೆ ಕ್ಷೇಮವಾಗಿ ಕರೆದೊಯ್ಯಬಲ್ಲ ಸವಾರನು ಎಂಥವನಾಗಿರಬೇಕು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಿಯೆರಾ ನೆವಾಡಾ ಪರ್ವತಶ್ರೇಣಿಯನ್ನು ಹತ್ತಿ ಇಳಿಯುವ ಹಳೆಯದೊಂದು ದಾರಿಯ ಮೇಲೆ, ಈ ಪ್ರಶ್ನೆಗೆ ಉತ್ತರ ಹುಡುಕುವ ಸವಾರಿಯೊಂದು 1955ರಿಂದ ನಡೆದುಬಂದಿದೆ. ಚಿನ್ನ ಬೆಳ್ಳಿಗಳ ಗಣಿಗಳಿಗೆ ಜನ ಹೋಗಿ ಬರುತ್ತಿದ್ದ ಕಾಲದ ದಾರಿ ಅದು. ಆಬರ್ನ್ ಎಂಬ ಪಟ್ಟಣದಲ್ಲಿ ಮರದ ವ್ಯಾಪಾರವನ್ನೂ ಬ್ಯಾಂಕಿನ ವ್ಯವಹಾರವನ್ನೂ ನಡೆಸುತ್ತಿದ್ದ ವೆಂಡೆಲ್ ರೋಬಿ ಎಂಬವರು, ಈ ಕಾಲದ ಕುದುರೆಗಳಿಗೆ ಹಿಂದಿನವುಗಳ ಕಸುವಿಲ್ಲ, ನೂರು ಮೈಲಿಯನ್ನು ಒಂದು ದಿನದಲ್ಲಿ ಮುಗಿಸುವುದು ಅವುಗಳಿಂದಾಗದು ಎಂದು ಜನ ಆಡುತ್ತಿದ್ದ ಮಾತನ್ನು ಒಪ್ಪದೆ, ಆ ವರ್ಷದ ಆಗಸ್ಟ್ ತಿಂಗಳಲ್ಲಿ ತಮ್ಮ ಬಂದೋಸ್ ಎಂಬ ಅರಬ್ಬಿ ಗಂಡುಕುದುರೆಯನ್ನೇರಿ, ಕೆಲವರೇ ಸಂಗಡಿಗರೊಡನೆ ಟಾಹೋ ಸರೋವರದ ಕಡೆಯಿಂದ ಹೊರಟು, 24 ಗಂಟೆಗಳೊಳಗೆ ಆಬರ್ನನ್ನು ಸೇರಿದರು. ಅದೇ ಮುಂದೆ ವಾರ್ಷಿಕ ಸವಾರಿಯಾಗಿ, ಲಾಯ್ಡ್ ಟೆವಿಸ್ ಎಂಬ ಹತ್ತೊಂಬತ್ತನೆಯ ಶತಮಾನದ ಧನಿಕರ ಸ್ಮರಣೆಗಾಗಿ ಅವರ ಮೊಮ್ಮಕ್ಕಳು ಕೊಟ್ಟ ಬಟ್ಟಲಿನಿಂದ ಟೆವಿಸ್ ಕಪ್ ಎಂಬ ಹೆಸರನ್ನು ಪಡೆಯಿತು. ಕಾಡ್ಗಿಚ್ಚು ಬಂದ 2008ರಲ್ಲಿಯೂ ಮಹಾಮಾರಿಯ 2020ರಲ್ಲಿಯೂ ಅದು ನಿಂತಿತ್ತು.

ನೂರು ಮೈಲಿ ಎಂದರೆ ನೂರ ಅರುವತ್ತು ಕಿಲೋಮೀಟರು. ಸಮತಲದ ಮೇಲೆ ಇದು ಒಳ್ಳೆಯ ಕುದುರೆಗೆ ಅಸಾಧ್ಯವೇನಲ್ಲ. ಆದರೆ ಟೆವಿಸ್ ದಾರಿಯು 8,700 ಅಡಿಗೂ ಮಿಕ್ಕ ಎತ್ತರದ ಕಣಿವೆಬಾಯಿಯನ್ನು ದಾಟಿ, ಬಂಡೆಗಳ ಮೇಲೆ ತೆವಳಿ, ಬೇಸಗೆಯ ಮಧ್ಯಾಹ್ನದಲ್ಲಿ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರಬಲ್ಲ ಕಂದರಗಳಿಗೆ ಇಳಿದು, ಇಳಿದಷ್ಟೇ ಕಡಿದಾಗಿ ಮತ್ತೆ ಹತ್ತುತ್ತದೆ. ಹತ್ತಿದ ಎತ್ತರಗಳನ್ನೆಲ್ಲ ಕೂಡಿದರೆ 17,000 ಅಡಿಗೆ ಕಡಮೆಯಾಗದು. ಇಳಿದುದು ಅದಕ್ಕಿಂತಲೂ ಹೆಚ್ಚು. ಬೆಳಗಿನ 5 ಗಂಟೆ 15 ನಿಮಿಷಕ್ಕೆ ಹೊರಟ ಕುದುರೆ ಮರುದಿನ ಅದೇ ಹೊತ್ತಿಗೆ ಮೊದಲೇ ಆಬರ್ನಿನಲ್ಲಿರಬೇಕು. ಹೊರಟವುಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಾತ್ರವೇ ಕೊನೆಮುಟ್ಟುತ್ತವೆ. ಮುಟ್ಟಿಸಿದ ಸವಾರನಿಗೆ ದೊರೆಯುವುದು ಸೊಂಟಪಟ್ಟಿಗೆ ಹಾಕುವ ಒಂದು ಬೆಳ್ಳಿಯ ಬಿಲ್ಲೆ. ಹಣದ ಬಹುಮಾನವಿಲ್ಲ.

ಇಂಥ ದಾರಿಗೆ ಯಾವ ಕುದುರೆ ತಕ್ಕುದು ಎಂದು ಕೇಳಿದರೆ, ಅನುಭವಿಗಳಲ್ಲಿ ಬಹುಮಂದಿ ಅರಬ್ಬಿ ತಳಿಯತ್ತ ಕೈತೋರಿಸುತ್ತಾರೆ. ಕುಳ್ಳಗಿನ ಒಣಮೈ, ತೆಳುವಾದ ಚರ್ಮ, ತೂಕಕ್ಕೆ ಹೋಲಿಸಿದರೆ ವಿಸ್ತಾರವಾದ ಮೈಯ ಹರವು, ಬೇಗನೆ ದಣಿಯದ ಬಗೆಯ ಸ್ನಾಯುತಂತುಗಳು: ಇವೆಲ್ಲ ಮೈಯೊಳಗೆ ಹುಟ್ಟಿದ ಶಾಖವನ್ನು ಹೊರಚೆಲ್ಲಿ, ನಿಧಾನವಾದ ಶ್ರಮವನ್ನು ಬಹುಹೊತ್ತು ತಾಳಿಕೊಳ್ಳುವುದಕ್ಕೆ ನೆರವಾಗುತ್ತವೆ. ಬಾಹುಕನು ಆರಿಸಿದ ಬಡಕಲು ಕುದುರೆಗಳು ಇಲ್ಲಿ ನನ್ನ ಕಣ್ಣಮುಂದೆ ಸುಳಿಯುತ್ತವೆ. ಈ ತಳಿಯ ಬೆಲೆಯನ್ನು ನಮ್ಮ ನಾಡು ಅರಿಯದುದಲ್ಲ. ಹೊರ್ಮುಜಿನಿಂದ ಕಡಲು ದಾಟಿ ಭಟ್ಕಳದಂಥ ರೇವುಗಳಲ್ಲಿ ಇಳಿಯುತ್ತಿದ್ದ ತೇಜಿಗಳಿಗಾಗಿ ವಿಜಯನಗರದ ಅರಸರು ಹೇರಳವಾಗಿ ಹೊನ್ನು ಸುರಿಯುತ್ತಿದ್ದರು. ಸಾಳುವ ನರಸಿಂಹನಂತೂ ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದವರಿಗೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ.

ಆದರೆ ಈ ತಳಿಯ ಗುಣದ ಜೊತೆಯಲ್ಲೇ ಅದರ ತೊಡಕೂ ಹುಟ್ಟಿಬರುತ್ತದೆ. ಓಡುವ ಆಸೆಯು ರಕ್ತದಲ್ಲೇ ಇರುವ ಕುದುರೆ, ನೂರಕ್ಕೂ ಹೆಚ್ಚು ಜೊತೆಗಾರರು ಮಬ್ಬುಗತ್ತಲಿನಲ್ಲಿ ಧೂಳೆಬ್ಬಿಸುತ್ತ ಒಟ್ಟಿಗೆ ಹೊರಡುವುದನ್ನು ಕಂಡಾಗ, ತಾನು ಹಿಂದುಳಿದೆನೆಂಬ ಭಾವನೆಯನ್ನು ತಾಳಲಾರದು. ಹಿಂಡಿನ ಪ್ರಾಣಿ ಅದು. ಹಿಂಡು ಓಡಿದರೆ ಓಡುವುದೇ ಅದರ ಪೂರ್ವಜರನ್ನು ಉಳಿಸಿದ ಬುದ್ಧಿ. ಕತ್ತು ಬಾಗಿಸಿ, ಕಡಿವಾಣವನ್ನು ಹಲ್ಲಿನಲ್ಲಿ ಕಚ್ಚಿ, ನಿಂತಲ್ಲೇ ಪಕ್ಕಕ್ಕೆ ಕುಣಿಯುತ್ತ, ಹತ್ತು ಹೆಜ್ಜೆಯ ದಾರಿಗೆ ಇಪ್ಪತ್ತು ಹೆಜ್ಜೆಯ ಶ್ರಮವನ್ನು ಸುರಿಯುತ್ತದೆ. ಇದನ್ನು ನೋಡುವವರಿಗೆ ಶೌರ್ಯವೆಂದು ತೋರುತ್ತದೆ. ತಿಳಿದ ಸವಾರನು ಇದರಲ್ಲಿ ಕಾಣುವುದು, ಸಂಜೆಗೆ ಬೇಕಾದ ಕಸುವು ಸೂರ್ಯೋದಯಕ್ಕೆ ಮೊದಲೇ ಪೋಲಾಗುತ್ತಿರುವುದನ್ನು.

ಈ ಪೋಲಿನ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉದ್ರೇಕಗೊಂಡ ಕುದುರೆಯ ಗುಲ್ಮವು ಸಂಕುಚಿತವಾಗಿ, ತನ್ನಲ್ಲಿ ಶೇಖರವಾಗಿದ್ದ ಕೆಂಪು ರಕ್ತಕಣಗಳನ್ನು ರಕ್ತಪ್ರವಾಹಕ್ಕೆ ಚೆಲ್ಲುತ್ತದೆ. ಹೃದಯವು ಓಟಕ್ಕೆ ಮೊದಲೇ ಓಟದ ವೇಗದಲ್ಲಿ ಬಡಿಯತೊಡಗುತ್ತದೆ. ಹುಲಿ ಬೆನ್ನಟ್ಟಿದಾಗ ಕ್ಷಣಾರ್ಧದಲ್ಲಿ ತಪ್ಪಿಸಿಕೊಳ್ಳುವುದಕ್ಕೆ ಪ್ರಕೃತಿ ಕೊಟ್ಟ ಅದ್ಭುತ ಸಾಧನ ಇದು. ಇಡೀ ಹಗಲಿರುಳಿನ ಪ್ರಯಾಣಕ್ಕೆ ಇದರಿಂದ ಉಪಯೋಗವಿಲ್ಲ. ಸಮಾಧಾನವಾದ ಗತಿಯಲ್ಲಿ ಸಾಗುವ ಕುದುರೆ ತನ್ನ ಮೈಯ ಕೊಬ್ಬನ್ನು ಉರುವಲಾಗಿ ಬಳಸಬಲ್ಲದು, ಮತ್ತು ಕೊಬ್ಬಿನ ಭಂಡಾರ ಬೇಗನೆ ಬರಿದಾಗತಕ್ಕುದಲ್ಲ. ಸೆಣಸುತ್ತ ಜಿಗಿಯುತ್ತ ಸಾಗುವ ಕುದುರೆಯಾದರೋ ಸ್ನಾಯುಗಳಲ್ಲಿರುವ ಗ್ಲೈಕೋಜನ್ ಎಂಬ ಸಕ್ಕರೆಯನ್ನು ಸುಡುತ್ತದೆ, ಅದರ ಶೇಖರ ಸ್ವಲ್ಪ, ಮತ್ತೆ ತುಂಬಿಕೊಳ್ಳುವುದಕ್ಕೆ ದಿನಗಳೇ ಬೇಕು. ಅದಲ್ಲದೆ ಸ್ನಾಯುಗಳು ಖರ್ಚುಮಾಡುವ ಶಕ್ತಿಯಲ್ಲಿ ಕಾಲುಭಾಗದಷ್ಟು ಮಾತ್ರವೇ ಚಲನೆಯಾಗಿ ಪರಿಣಮಿಸಿ, ಮಿಕ್ಕುದೆಲ್ಲ ಶಾಖವಾಗುವುದರಿಂದ, ವ್ಯರ್ಥವಾದ ಪ್ರತಿಯೊಂದು ಕುಣಿತವೂ ಮಧ್ಯಾಹ್ನದ ಕಂದರದಲ್ಲಿ ಬೆವರಾಗಿ ಸುರಿಯಬೇಕಾದ ಸಾಲವನ್ನು ಬೆಳೆಸುತ್ತದೆ.

ಹಾಗೆಂದು ಲಗಾಮನ್ನು ಎಳೆದೆಳೆದು ಕುದುರೆಯನ್ನು ಹಿಡಿದಿಡುವುದು ಉಪಾಯವಲ್ಲ. ಎಳೆದಷ್ಟೂ ಅದು ಎದುರು ಬಲವನ್ನು ಹಾಕುತ್ತದೆ. ಸವಾರನ ತೋಳೂ ಕುದುರೆಯ ಬಾಯಿಯೂ ಏಕಕಾಲಕ್ಕೆ ಸೋಲುತ್ತವೆ. ಬಲ್ಲವರು ಮಾಡುವುದು ಬೇರೆ. ಹೊರಡುವ ಗುಂಪು ಕಣ್ಮರೆಯಾಗುವ ತನಕ ದೂರದಲ್ಲಿ ಅಡ್ಡಾಡಿಸುತ್ತ ಕೊನೆಯಲ್ಲಿ ಹೊರಡುತ್ತಾರೆ. ಶಾಂತಸ್ವಭಾವದ ಹಿರಿಯ ಕುದುರೆಯೊಂದನ್ನು ಮುಂದೆ ಬಿಟ್ಟು ತಮ್ಮದನ್ನು ಅದರ ಬಾಲಕ್ಕೆ ಹೊಂದಿಸುತ್ತಾರೆ. ಲಗಾಮನ್ನು ಹಿಡಿದು ಸಡಿಲಿಸುತ್ತ, ಮೆಲುದನಿಯಲ್ಲಿ ಮಾತಾಡುತ್ತ, ತಮ್ಮ ಸೊಂಟವನ್ನೂ ಉಸಿರನ್ನೂ ಬಿಗಿಯದೆ ಕುಳಿತಿರುತ್ತಾರೆ, ಏಕೆಂದರೆ ಜೀನಿನ ಮೇಲಿರುವವನ ಅಳುಕು ಕೆಳಗಿನ ಬೆನ್ನಿಗೆ ತಿಳಿಯದೆ ಹೋಗುವುದಿಲ್ಲ. ಮೊದಲ ಮೂವತ್ತು ಮೈಲಿಗಳಲ್ಲಿ ಹುರುಪಿನ ಕುದುರೆಗೆ ಸವಾರನು ಮಾಡಬಹುದಾದ ದೊಡ್ಡ ಉಪಕಾರವೆಂದರೆ, ಅದು ಕೊಡಲು ಹವಣಿಸುವುದನ್ನೆಲ್ಲ ತೆಗೆದುಕೊಳ್ಳದಿರುವುದು.

ಬೆವರಿನ ವಿಷಯ ಇನ್ನೂ ಸ್ವಾರಸ್ಯವಾದುದು. ನಮ್ಮ ಬೆವರು ರಕ್ತಕ್ಕಿಂತ ತೆಳುವಾದ ಉಪ್ಪುನೀರಾದ ಕಾರಣ, ಬೆವರಿದಷ್ಟೂ ರಕ್ತದಲ್ಲಿ ಉಪ್ಪಿನ ಪ್ರಮಾಣವು ಏರಿ ಬಾಯಾರಿಕೆಯಾಗುತ್ತದೆ. ಕುದುರೆಯ ಬೆವರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡುಗಳು ರಕ್ತದಷ್ಟೇ, ಅಥವಾ ಅದಕ್ಕಿಂತಲೂ ಗಾಢವಾಗಿರುತ್ತವೆ. ಜೀನಿನ ಅಂಚಿನಲ್ಲಿ ಬಿಳಿಯಾಗಿ ಕಟ್ಟುವ ನೊರೆಯು ಲ್ಯಾಥರಿನ್ ಎಂಬ ಪ್ರೋಟೀನಿನ ಕೆಲಸ, ಅದು ದಟ್ಟವಾದ ಕೂದಲ ನಡುವೆ ಬೆವರನ್ನು ಹರಡಿ ಆರಿಸುತ್ತದೆ. ಬಿಸಿಲಿನಲ್ಲಿ ದುಡಿಯುವ ಕುದುರೆ ಗಂಟೆಗೆ 10ರಿಂದ 15 ಲೀಟರಿನವರೆಗೆ ಬೆವರಬಲ್ಲದು. ನೀರೂ ಉಪ್ಪೂ ಒಟ್ಟಿಗೇ ಹೋಗುವುದರಿಂದ ರಕ್ತದ ಗಾಢತೆ ಏರುವುದಿಲ್ಲ, ಬಾಯಾರಿಕೆಯ ಕರೆಯೂ ಏಳುವುದಿಲ್ಲ; ಹೀಗಾಗಿ ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಕುದುರೆ ತೊಟ್ಟಿಯ ಮುಂದೆ ನಿಂತು ನೀರನ್ನು ಮೂಸಿ ಮುಖ ತಿರುಗಿಸುವುದುಂಟು. ಮುಂದಕ್ಕೆ ಹೋದವರ ಮೇಲೆಯೇ ಕಣ್ಣಿಟ್ಟ ಉತ್ಸಾಹಿಯಂತೂ ನೀರಿನತ್ತ ನೋಡುವುದೂ ಅಪರೂಪ. ಆದಕಾರಣ ಸವಾರರು ಲವಣಮಿಶ್ರಣವನ್ನು ಸೂಜಿಯಿಲ್ಲದ ದಪ್ಪ ಸಿರಿಂಜಿನಲ್ಲಿ ತುಂಬಿ ದವಡೆಯ ಪಕ್ಕದಿಂದ ನಾಲಗೆಗೆ ಹಾಕುತ್ತಾರೆ. ತೊರೆ ಸಿಕ್ಕಿದಲ್ಲೆಲ್ಲ ಜೀನಿಗೆ ದಾರ ಕಟ್ಟಿದ ಸ್ಪಂಜನ್ನು ನೀರಿಗೆಸೆದು, ಎಳೆದುಕೊಂಡು, ಕೆಳಗಿಳಿಯದೆಯೇ ಕುತ್ತಿಗೆಯ ಮೇಲೆ ಹಿಂಡುತ್ತಾರೆ. ಲವಣಗಳ, ವಿಶೇಷವಾಗಿ ಕ್ಯಾಲ್ಸಿಯಮ್ಮಿನ ಸಮತೋಲ ಕೆಟ್ಟರೆ ಎದೆಗೂ ಹೊಟ್ಟೆಗೂ ನಡುವಿನ ವಪೆಯು ಹೃದಯದ ಬಡಿತಕ್ಕೆ ಸರಿಯಾಗಿ ಸೆಳೆದುಕೊಂಡು, ಕುದುರೆಯ ಪಕ್ಕೆ ಬಿಕ್ಕಳಿಕೆ ಬಂದಂತೆ ಹಾರತೊಡಗುತ್ತದೆ. ಅದನ್ನು ಕಂಡ ಮೇಲೆ ಮುಂದೆ ಹೋಗುವ ಮಾತಿಲ್ಲ.

ಮುಂದೆ ಹೋಗುವುದೋ ಇಲ್ಲವೋ ಎಂಬುದನ್ನು ನಿಶ್ಚಯಿಸುವ ಅಧಿಕಾರ ಸವಾರನದಲ್ಲ. 36ನೆಯ ಮೈಲಿಯ ಹತ್ತಿರ, ರಾಬಿನ್ಸನ್ ಫ್ಲಾಟ್ ಎಂಬ ಪೈನ್ ಮರಗಳ ಬಯಲಿನಲ್ಲಿ, ದಾರಿಯ ಮೊದಲ ದೊಡ್ಡ ತಪಾಸಣೆ. ಕುದುರೆ ಒಳಗೆ ಬರುತ್ತಲೇ ಸಹಾಯಕರು ಜೀನಿನ ಪಟ್ಟಿಯನ್ನು ಸಡಿಲಿಸಿ, ರಕ್ತನಾಳಗಳು ಚರ್ಮಕ್ಕೆ ಸಮೀಪವಾಗಿರುವ ಕುತ್ತಿಗೆಯ ಕೆಳಬದಿಗೂ ತೊಡೆಗಳ ಒಳಬದಿಗೂ ತಣ್ಣೀರು ಸುರಿಯುತ್ತಾರೆ. ಒಬ್ಬರು ಎಡ ಮೊಣಕೈಯ ಹಿಂದೆ ಪಕ್ಕೆಗೆ ಸ್ಟೆತಾಸ್ಕೋಪನ್ನು ಒತ್ತಿ, ಕೈಗಡಿಯಾರದ ಮೇಲೆ ಕಣ್ಣಿಟ್ಟು ಎಣಿಸುತ್ತಾರೆ. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಬಾರಿ ಬಡಿಯುತ್ತದೆ. ಇಲ್ಲಿ ಅದು ಅರುವತ್ತರ ಆಸುಪಾಸಿನ ನಿಗದಿಯಾದ ಸಂಖ್ಯೆಗೆ ಇಳಿಯಬೇಕು, ಇಳಿದ ಮೇಲೆಯೇ ಕಡ್ಡಾಯವಾದ ಒಂದು ಗಂಟೆಯ ವಿಶ್ರಾಂತಿಯ ಲೆಕ್ಕ ಶುರುವಾಗುವುದು. ಈ ನಿಯಮದ ವಿವೇಕವನ್ನು ಎಷ್ಟು ಹೊಗಳಿದರೂ ಸಾಲದು. ಹತ್ತು ನಿಮಿಷ ಮೊದಲು ಬರಲೆಂದು ಕೊನೆಯ ಮೈಲಿಯನ್ನು ಓಡಿಸಿಕೊಂಡು ಬಂದವನ ಕುದುರೆಯ ಎದೆ ಇಪ್ಪತ್ತು ನಿಮಿಷ ತಣಿಯದಿದ್ದರೆ, ಕೆಳಗಿಳಿದು ನಡೆಯುತ್ತ ಬಂದವನೇ ಮೊದಲು ಹೊರಡುತ್ತಾನೆ. ಹುರುಪಿನ ಕುದುರೆಯೊಡನೆ ಇಲ್ಲಿಯೂ ಜಾಗರೂಕತೆ ಬೇಕು: ಐವತ್ತೆಂಟಕ್ಕೆ ಇಳಿದಿದ್ದ ಬಡಿತವು, ದಾರಿಯಲ್ಲಿ ಜೊತೆಯಾಗಿದ್ದ ಕುದುರೆಯನ್ನು ಅತ್ತ ಒಯ್ದ ಕೂಡಲೇ ಎಪ್ಪತ್ತಕ್ಕೆ ನೆಗೆಯಬಹುದು, ಆದ್ದರಿಂದ ಜೊತೆಗಾರನನ್ನು ಅದರ ಕಣ್ಣಳವಿನಲ್ಲೇ ನಿಲ್ಲಿಸಿಕೊಳ್ಳುತ್ತಾರೆ.

ಆಮೇಲೆ ಪಶುವೈದ್ಯರ ಸರದಿ. ಮೇಲ್ದುಟಿಯನ್ನೆತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ, ಬೆಳ್ಳಗಾದ ಆ ಚುಕ್ಕೆ ಎಷ್ಟು ಬೇಗ ಕೆಂಪಾಗುತ್ತದೆ? ಕುತ್ತಿಗೆಯ ತೊಗಲನ್ನು ಚಿವುಟಿ ಎತ್ತಿದರೆ ಥಟ್ಟನೆ ಕೂರುತ್ತದೆಯೋ, ಮಡಿಕೆಯಾಗಿಯೇ ನಿಲ್ಲುತ್ತದೆಯೋ? ಹೊಟ್ಟೆಯ ಎರಡು ಬದಿಯಲ್ಲೂ ಕರುಳಿನ ಗುಡುಗುಡು ಶಬ್ದವಿದೆಯೇ? ಈ ಶಬ್ದವೇ ವೈದ್ಯರಿಗೆ ಎಲ್ಲಕ್ಕಿಂತ ಹಿತವಾದುದು, ಏಕೆಂದರೆ ಕುದುರೆಯ ದೊಡ್ಡ ಕರುಳು ಹುಲ್ಲಿನ ಕಣಜ ಮಾತ್ರವಲ್ಲದೆ ನೀರಿನ ಮತ್ತು ಲವಣಗಳ ಮೀಸಲು ಕೊಳವೂ ಆಗಿದ್ದು, ರಕ್ತವೆಲ್ಲ ಸ್ನಾಯುಗಳ ಕಡೆಗೆ ಹರಿದು ಕರುಳು ನಿಶ್ಶಬ್ದವಾದರೆ ಅಪಾಯ ಹೊಸ್ತಿಲಿಗೆ ಬಂದಿದೆಯೆಂದೇ ಅರ್ಥ. ಕಡೆಗೆ ಸವಾರನು ಸಡಿಲವಾದ ಹಗ್ಗದಲ್ಲಿ ಕುದುರೆಯನ್ನು 125 ಅಡಿ ಓಡಿಸಿಕೊಂಡು ಹೋಗಿ, ಅಷ್ಟೇ ದೂರ ಹಿಂದಕ್ಕೆ ಬರಬೇಕು. ಕುಂಟು ಇದ್ದರೆ ಇಲ್ಲಿ ಬಯಲಾಗುತ್ತದೆ. ಓಟಕ್ಕೆ ಮುಂಚೆ ಒಮ್ಮೆ, ಓಟ ಶುರುವಾಗಿ ಒಂದು ನಿಮಿಷಕ್ಕೆ ಮತ್ತೊಮ್ಮೆ ನಾಡಿಯನ್ನೆಣಿಸುತ್ತಾರೆ. ಕೆರಿ ರಿಜ್‌ವೇ ಎಂಬ ಪಶುವೈದ್ಯರು ಬಳಕೆಗೆ ತಂದ ಪರೀಕ್ಷೆ ಇದು. ಎರಡನೆಯ ಸಂಖ್ಯೆ ಮೊದಲಿನಷ್ಟೇ ಅಥವಾ ಅದಕ್ಕಿಂತ ಕಡಮೆ ಇದ್ದರೆ ಕುದುರೆಯಲ್ಲಿ ಇನ್ನೂ ಸತ್ತ್ವವಿದೆ. ಏರಿದ್ದರೆ, ಅದು ನಿಂತಲ್ಲಿ ಎಷ್ಟೇ ಠೀವಿಯಿಂದ ಕತ್ತೆತ್ತಿರಲಿ, ಒಳಗೆ ದಣಿದಿದೆ. ಹುರುಪಿನ ಕುದುರೆಗಳು ಕಣ್ಣಿಗೆ ದಣಿವನ್ನು ತೋರಗೊಡುವುದಿಲ್ಲವಾದ್ದರಿಂದ, ಈ ಸಂಖ್ಯೆಗಳಿಗಿಂತ ನಂಬಿಕೆಯ ಸಾಕ್ಷಿ ಅವುಗಳಿಗೆ ಮತ್ತೊಂದಿಲ್ಲ.

ರಾಬಿನ್ಸನ್ ಫ್ಲಾಟಿನ ಆಚೆಗೆ ಕಂದರಗಳು. ತೂಗುಸೇತುವೆಯ ಬಳಿ ತೊರೆಯನ್ನು ಮುಟ್ಟಿ, ಅಲ್ಲಿಂದ ಡೆವಿಲ್ಸ್ ಥಂಬ್ ಎಂಬ ಶಿಲೆಯ ಕಡೆಗೆ ಎರಡು ಮೈಲಿಯೊಳಗೆ ಸುಮಾರು 1,500 ಅಡಿ ಏರುವ, ಅಂಕುಡೊಂಕಾದ ಒಂದಾಳಿನ ದಾರಿ, ಗಾಳಿಯಿಲ್ಲ. ಇಲ್ಲಿ ಸವಾರರು ಜೀನಿನಿಂದಿಳಿದು, ಉದ್ದನೆಯ ಹಗ್ಗದ ತುದಿಯನ್ನು ಒಂದು ಕೈಯಲ್ಲೂ ಕುದುರೆಯ ಬಾಲವನ್ನು ಇನ್ನೊಂದರಲ್ಲೂ ಹಿಡಿದು ಹಿಂದಿನಿಂದ ನಡೆಯುತ್ತಾರೆ. ಬೆನ್ನಿನ ಭಾರವಿಳಿದ ಕುದುರೆ ತನ್ನ ಯಜಮಾನನನ್ನು ಎಳೆದುಕೊಂಡು ಹತ್ತುತ್ತದೆ. ಬೆಳಗಿನಲ್ಲಿ ಕಡಿವಾಣವನ್ನು ಕಚ್ಚಿ ಕುಣಿದಿದ್ದ ಅದೇ ಪ್ರಾಣಿ, ತಿರುವಿನಲ್ಲಿ ತಾನಾಗಿ ನಿಂತು, ಹಿಂದೆ ಏದುಸಿರು ಬಿಡುವವನು ಸುಧಾರಿಸಿಕೊಳ್ಳುವಷ್ಟು ಹೊತ್ತು ಕಾದು, ಮತ್ತೆ ಹೆಜ್ಜೆ ಹಾಕುತ್ತದೆ. ಒಳ್ಳೆಯ ಸವಾರಿಯಲ್ಲಿ ಕುದುರೆಯ ಹುರುಪು ಅಳಿಯುವುದಿಲ್ಲ, ಬುದ್ಧಿಯಾಗಿ ಮಾಗುತ್ತದೆ ಎಂಬ ಮಾತಿನಲ್ಲಿ ನನಗೆ ನಂಬಿಕೆಯಿರುವುದು ಇಂಥ ಸಂಗತಿಗಳಿಂದ.

 

68ನೆಯ ಮೈಲಿಯ ಫಾರೆಸ್ಟ್‌ಹಿಲ್ ಊರಿನಲ್ಲಿ ಮತ್ತೊಂದು ಗಂಟೆಯ ವಿಶ್ರಾಂತಿ. ಬಹುಪಾಲು ಸವಾರರು ಅಲ್ಲಿಂದ ಹೊರಡುವುದು ಕತ್ತಲಾದ ಮೇಲೆಯೇ. ಸವಾರಿಯ ದಿನವನ್ನು ಸಾಮಾನ್ಯವಾಗಿ ಹುಣ್ಣಿಮೆಯ ಹತ್ತಿರಕ್ಕೆ ಇಟ್ಟುಕೊಳ್ಳುತ್ತಾರೆ, ಆದರೂ ನದಿಯ ಮೇಲಣ ಕಡಿದಾದ ಇಳಿಜಾರಿನಲ್ಲಿ ಮರಗಳ ನೆರಳು ಚಂದ್ರನನ್ನು ನುಂಗಿಬಿಡುತ್ತದೆ. ಕುದುರೆಯ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಪ್ರತಿಫಲಿಸುವ ಪೊರೆಯೊಂದಿದ್ದು, ನಮಗೆ ಏನೂ ಕಾಣದ ಕತ್ತಲಿನಲ್ಲಿ ಅದಕ್ಕೆ ದಾರಿ ಕಾಣುತ್ತದೆ. ದೀಪ ಹಾಕಿ ಅದರ ಕಣ್ಣನ್ನು ಕೋರೈಸುವುದಕ್ಕಿಂತ ಲಗಾಮನ್ನು ಸಡಿಲ ಬಿಟ್ಟು ಸುಮ್ಮನೆ ಕೂರುವುದೇ ಲೇಸೆಂದು ಬಲ್ಲವರು ಹೇಳುತ್ತಾರೆ. ದಿನವಿಡೀ ಕುದುರೆಯನ್ನು ತಡೆದವನು ಇರುಳಿನಲ್ಲಿ ಅದಕ್ಕೇ ತನ್ನನ್ನು ಒಪ್ಪಿಸಿಕೊಳ್ಳಬೇಕು. ಅಮೆರಿಕನ್ ನದಿಯನ್ನು ನೀರಿನಲ್ಲಿಳಿದು ದಾಟಿ, 1912ರಲ್ಲಿ ರೈಲಿಗಾಗಿ ಕಟ್ಟಿದ ಕಮಾನುಸೇತುವೆಯ ಮೇಲೆ ಹಾಯ್ದು, ಕೊನೆಯ ಏರನ್ನು ಹತ್ತಿದರೆ ಆಬರ್ನ್.

ಅಲ್ಲಿಯೂ ಗಡಿಯಾರ ನೋಡಿ ಬಿಲ್ಲೆ ಕೊಡುವುದಿಲ್ಲ. ಬಂದ ಕುದುರೆಯನ್ನು ಮತ್ತೆ ಪರೀಕ್ಷಿಸಿ, ಅದು ಇನ್ನೂ ಮುಂದಕ್ಕೆ ಸಾಗಲು ಶಕ್ತವಾಗಿದೆಯೆಂದು ವೈದ್ಯರು ಒಪ್ಪಿದ ಮೇಲೆಯೇ ಸವಾರಿ ಪೂರ್ಣವಾಯಿತೆಂದು ಎಣಿಕೆ. ನೂರನೆಯ ಮೈಲಿಯನ್ನು ಮುಟ್ಟಿದ ಕುದುರೆಯೂ ಅಲ್ಲಿ ಕುಂಟಿದರೆ ಪೂರೈಸಲಿಲ್ಲವೆಂದೇ ಬರೆಯುತ್ತಾರೆ. 1972ರಲ್ಲಿ ಸ್ಥಾಪಿತವಾದ ಅಮೆರಿಕದ ದೂರಸವಾರಿಯ ಸಂಘವು, ಪೂರೈಸುವುದೇ ಗೆಲ್ಲುವುದು ಎಂಬರ್ಥದ ಧ್ಯೇಯವಾಕ್ಯವನ್ನು ಇಟ್ಟುಕೊಂಡಿದೆ.

ಈ ನಿಯಮಗಳ ಬೆಲೆ ತಿಳಿಯಬೇಕಾದರೆ ಅವು ಇಲ್ಲದಿದ್ದ ಕಾಲವನ್ನು ನೋಡಬೇಕು. 1892ರ ಅಕ್ಟೋಬರಿನಲ್ಲಿ ಜರ್ಮನಿಯ ಮತ್ತು ಆಸ್ಟ್ರಿಯಾ-ಹಂಗೆರಿಯ ಸೇನಾಧಿಕಾರಿಗಳು ಬರ್ಲಿನ್ ವಿಯೆನ್ನಾಗಳ ನಡುವೆ, ಆರುನೂರು ಕಿಲೋಮೀಟರಿಗೆ ಸಮೀಪವಾದ ದಾರಿಯಲ್ಲಿ ಪಂದ್ಯ ಹೂಡಿದರು. ಮೊದಲನೆಯವನು ಸುಮಾರು 71 ಗಂಟೆಗಳಲ್ಲಿ ಗುರಿ ಮುಟ್ಟಿದನು. ಮುಂಚೂಣಿಯಲ್ಲಿ ಬಂದವೂ ಸೇರಿದಂತೆ ಹಲವು ಕುದುರೆಗಳು ಸತ್ತುಹೋದವು. ಕಾಲ ಬದಲಾಯಿತೆಂದು ನಾವು ನೆಮ್ಮದಿಯಿಂದಿರುವಂತೆಯೂ ಇಲ್ಲ. ಮರುಭೂಮಿಯ ಸಮತಟ್ಟಾದ ಹಾದಿಗಳಲ್ಲಿ ವೇಗವೇ ಸರ್ವಸ್ವವಾದಾಗ ಕುದುರೆಗಳ ಕಾಲಿನ ಎಲುಬುಗಳು ಮುರಿದ ಕಾರಣ, ಅಂತರರಾಷ್ಟ್ರೀಯ ಕುದುರೆಸವಾರಿಯ ಒಕ್ಕೂಟವು 2015ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸಿನ ಸಂಘವನ್ನು ಅಮಾನತಿನಲ್ಲಿಟ್ಟಿತು. 2018ರಲ್ಲಿ ಅಮೆರಿಕದ ಟ್ರಯಾನಿನಲ್ಲಿ ನಡೆದ ವಿಶ್ವ ಕುದುರೆಸವಾರಿ ಕೂಟದ ದೂರಸವಾರಿಯನ್ನು ಸೆಕೆಯ ಹೊಡೆತದಿಂದ ನಡುವೆಯೇ ರದ್ದುಮಾಡಬೇಕಾಯಿತು. ಟೆವಿಸ್ ದಾರಿಯೂ ನಿರಪಾಯವಲ್ಲ. ಅಲ್ಲಿಯೂ ಕುದುರೆಗಳು ಸತ್ತದ್ದುಂಟು. ಹೃದಯವೂ ಸ್ನಾಯುಗಳೂ ತಿಂಗಳುಗಳಲ್ಲಿ ಗಟ್ಟಿಯಾಗುತ್ತವೆ, ಎಲುಬಿಗೂ ಸ್ನಾಯುರಜ್ಜುಗಳಿಗೂ ವರ್ಷಗಳು ಬೇಕು. ಈ ಅಂತರದಲ್ಲಿ, ಓಡಬಲ್ಲೆನೆಂದು ಹಾತೊರೆಯುವ ಎಳೆಯ ಕುದುರೆಯನ್ನು ಓಡಬಿಟ್ಟವರೇ ಅದರ ಕಾಲನ್ನು ಕಳೆದವರು. ಟೆವಿಸ್‌ಗೆ ಬರುವ ಕುದುರೆಗೆ ಆರು ವರ್ಷವಾದರೂ ತುಂಬಿರಬೇಕೆಂಬ ನಿಯಮ ಇದಕ್ಕಾಗಿಯೇ.

ಮೊದಲು ಬಂದವರ ಹೆಸರುಗಳನ್ನೂ ಈ ದಾರಿ ಮರೆತಿಲ್ಲ; ಡೋನಾ ಫಿಟ್ಜೆರಾಲ್ಡ್ ಎಂಬಾಕೆ ವಿಟೆಜಾರಿಫ್ ಎಂಬ ಒಂದೇ ಕುದುರೆಯ ಮೇಲೆ 1970ರ ದಶಕದಲ್ಲಿ ಆರು ಸಲ ಗೆದ್ದದ್ದು ಇನ್ನೂ ಮಾತಿನಲ್ಲಿದೆ. ಆದರೆ 1964ರಿಂದ ಅಲ್ಲಿ ಇನ್ನೊಂದು ಬಟ್ಟಲನ್ನೂ ಕೊಡುತ್ತಾರೆ. ಮೊದಲು ಬಂದ ಹತ್ತು ಕುದುರೆಗಳನ್ನು, ಕೆಲವು ಗಂಟೆಗಳ ವಿಶ್ರಾಂತಿಯ ಅನಂತರ, ಬೆಳಗಿನ ಬಿಸಿಲಿನಲ್ಲಿ ವೈದ್ಯರ ಮುಂದೆ ನಡೆಸಿ, ಓಡಿಸಿ, ಬೆನ್ನು ತಡವಿ, ಕಾಲು ನೀವಿ ನೋಡಿ, ಎಲ್ಲಕ್ಕಿಂತ ಸುಸ್ಥಿತಿಯಲ್ಲಿರುವ ಕುದುರೆಗೆ ಸಲ್ಲುವ ಬಟ್ಟಲು ಅದು. ಹ್ಯಾಗಿನ್ ಕಪ್ ಎಂದು ಅದರ ಹೆಸರು. ಮೊದಲು ಬಂದ ಕುದುರೆಗೇ ಅದು ದೊರೆಯಬೇಕೆಂದಿಲ್ಲ. ಹತ್ತನೆಯದಕ್ಕೆ ದೊರೆತರೂ ದೊರೆಯಬಹುದು. ನನ್ನನ್ನು ಕೇಳಿದರೆ, ಎರಡರಲ್ಲಿ ದೊಡ್ಡ ಗೌರವ ಹ್ಯಾಗಿನ್ ಬಟ್ಟಲಿನದೇ.